ವೀಡಿಯೊಗಳ ನಡುವೆ ಏನು ಹಾಕಬೇಕು? ನನ್ನ ಕೇಳಿದರೆ, ಏನೂ ಬೇಡ

ಯೂಟ್ಯೂಬ್‌ನಲ್ಲಿ ಹದಿನೈದು ದಿನಕ್ಕೊಂದು ಬ್ಲೌಸ್ ಹೊಲಿಗೆಯ ವೀಡಿಯೊ ಹಾಕುತ್ತೀರಿ, ಜನ ಮರೆಯದ ಹಾಗೆ ನಡುವಿನ ದಿನಗಳಲ್ಲಿ ಏನು ಹಾಕುತ್ತಿರಬೇಕು ಎಂದು ಕೇಳಿದ್ದೀರಿ. ಇದೇ ಚಿಂತೆ ನನ್ನನ್ನೂ ಒಂದು ಮಳೆಗಾಲ ಪೂರ್ತಿ ಕಾಡಿತ್ತು.

ನನ್ನದು ಅಡಿಕೆ ತೋಟದ ಚಾನೆಲ್, ಶಿರಸಿ ಕಡೆಯದು. ಮಳೆ ಹಿಡಿಯುವ ಮೊದಲು ಬೋರ್ಡೋ ಮಾಡುವುದನ್ನು ತೋರಿಸಿ ಒಂದು ವೀಡಿಯೊ ಹಾಕಿದ್ದೆ. ಕೊಳೆ ರೋಗಕ್ಕೆ ನಾವು ಹೊಡೆಯುವ ಮದ್ದು ಅದು. ಒಂದು ಕೆ.ಜಿ. ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆ.ಜಿ. ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿಕೊಂಡು ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು, ಸುಣ್ಣವನ್ನು ತುತ್ತಕ್ಕಲ್ಲ. ಚಾನೆಲ್‌ನಲ್ಲಿ ಅಷ್ಟು ಜನ ನೋಡಿದ್ದು ಅದನ್ನೇ ಮೊದಲು. ಕೆಳಗೆ ಒಬ್ಬರು ಬರೆದರು: "ಅಣ್ಣಾ, ಚಾಕು ಅದ್ದಿದ್ರೆ ಕೆಂಪಾಗ್ತಾ ಇದೆ. ಹೊಡೀಬಹುದಾ?"

ಉತ್ತರ ನನಗೆ ಗೊತ್ತಿತ್ತು. ತಿಕ್ಕಿ ಹೊಳಪು ಬರಿಸಿದ ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಹಿಡಿದಾಗ ಅಲಗು ಕೆಂಪಾದರೆ ಅದು ತಾಮ್ರ ಕೂತದ್ದು. ಸುಣ್ಣ ಸಾಲಲಿಲ್ಲ ಎಂದರ್ಥ. ಹಾಗೇ ಹೊಡೆದರೆ ಎಳೆಗಾಯಿಗೆ, ಎಲೆಗೆ ಸುಟ್ಟ ಕಲೆ ಬೀಳುತ್ತದೆ. ಅಲಗು ಕೆಂಪಾಗುವುದು ನಿಲ್ಲುವ ತನಕ ಸುಣ್ಣದ ನೀರು ಸೇರಿಸುತ್ತಾ ಹೋಗಬೇಕು. ಎರಡು ಸಾಲು ಬರೆದಿದ್ದರೆ ಮುಗಿಯುತ್ತಿತ್ತು. ನಾನು ಹೃದಯದ ಗುರುತು ಒತ್ತಿ, "ಮುಂದಿನ ವೀಡಿಯೊದಲ್ಲಿ ಹೇಳ್ತೇನೆ" ಎಂದು ಬರೆದೆ.

ಉತ್ತರವನ್ನು ಹಿಡಿದಿಟ್ಟರೆ ಜನ ಕಾಯುತ್ತಾರೆ ಎಂದುಕೊಂಡಿದ್ದೆ. ಪ್ರಶ್ನೆ ಬಂತೆಂದರೆ ಮುಂದಿನ ವೀಡಿಯೊಗೆ ಸರಕು ಸಿಕ್ಕಿತು ಅಂತಲೇ ಲೆಕ್ಕ. ಆಮೇಲೆ ಬಂದ ಪ್ರಶ್ನೆಗಳಿಗೂ ಅದೇ ಮಾತು. ನಡುವಿನ ದಿನಗಳಿಗೆ ಹಬ್ಬದ ಶುಭಾಶಯ, ನಿಮಗೆ ಯಾವ ತಳಿ ಇಷ್ಟ ಎಂಬ ಪೋಲ್. ಆದರೆ ಪ್ರಶ್ನೆ ಕೇಳಿದವರು ಆ ಹೊತ್ತಿನಲ್ಲಿ ಚಾಕು ಹಿಡಿದು ಡ್ರಮ್ಮಿನ ಪಕ್ಕ ನಿಂತಿದ್ದರು. ಬೋರ್ಡೋ ಮಾಡಿದ ದಿನವೇ ಹೊಡೆಯಬೇಕು, ಇಟ್ಟರೆ ಕೆಡುತ್ತದೆ. ಮರ ಹತ್ತಿ ಮದ್ದು ಹೊಡೆಯುವ ಕೊನೆಗಾರ ಇವತ್ತು ಸಿಕ್ಕಿದ್ದಾನೆ, ನಾಳೆ ಬೇರೆಯವರ ತೋಟಕ್ಕೆ ಹೋಗುತ್ತಾನೆ. ಬಿಸಿಲು ಇರುವುದೂ ಇವತ್ತೇ. ಅವರಿಗೆ ಬೇಕಿದ್ದದ್ದು ಅರ್ಧ ಗಂಟೆಯೊಳಗೆ ಒಂದು ಮಾತು. ನನ್ನ ಮುಂದಿನ ವೀಡಿಯೊ ಬರುವ ಹೊತ್ತಿಗೆ ಜನ ಎರಡನೇ ಮದ್ದಿಗೆ ಮಳೆ ಬಿಡುವುದನ್ನು ಕಾಯುತ್ತಿದ್ದರು. ಸಬ್‌ಸ್ಕ್ರೈಬರ್ ಸಂಖ್ಯೆ ಇಳಿಯಲಿಲ್ಲ, ಅದನ್ನೇ ನೋಡಿಕೊಂಡು ನಾನು ಸಮಾಧಾನದಲ್ಲಿದ್ದೆ. ಚಾನೆಲ್‌ನ ಲೆಕ್ಕ ತೋರಿಸುವ ಯೂಟ್ಯೂಬ್ ಸ್ಟುಡಿಯೊದಲ್ಲಿ ಮರಳಿ ಬರುವ ವೀಕ್ಷಕರ ಗೆರೆ ಮಾತ್ರ ಕೆಳಗೆ ಹೋದದ್ದು ಆ ವರ್ಷ ಮತ್ತೆ ಏಳಲಿಲ್ಲ. ಚಾಕುವಿನ ಪ್ರಶ್ನೆ ಕೇಳಿದವರ ಹೆಸರನ್ನು ಕಾಮೆಂಟ್‌ಗಳಲ್ಲಿ ಮತ್ತೆಂದೂ ನೋಡಲಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಹದಿನೈದು ದಿನವೂ ಜನ ನಿಮ್ಮನ್ನು ನೆನೆಯುತ್ತಿರಬೇಕಾಗಿಲ್ಲ. ಆರ್ಮ್‌ಹೋಲ್ (ತೋಳು ಕೂಡುವ ಜಾಗ) ಹತ್ತಿರ ಸುಕ್ಕು ಬಂದಾಗ, ನಾಳೆ ಗಿರಾಕಿ ಬರುತ್ತಾರೆ ಎನ್ನುವಾಗ, ಇವರನ್ನು ಕೇಳಿದರೆ ಹೇಳುತ್ತಾರೆ ಅನ್ನಿಸಿದರೆ ಸಾಕು. ಶುಭಾಶಯದ ಚಿತ್ರ ಯಾರಿಗೂ ಬೇಡ. ಪೋಲ್ ಹಾಕುವುದಾದರೆ ಅದರ ಫಲಿತಾಂಶದಿಂದ ನಿಮ್ಮ ಮುಂದಿನ ಕೆಲಸ ಬದಲಾಗಬೇಕು. ಕಟೋರಿ ಬ್ಲೌಸ್ ಮೊದಲೋ ಪ್ರಿನ್ಸೆಸ್ ಕಟ್ ಬ್ಲೌಸ್ ಮೊದಲೋ ಎಂದು ಕೇಳಿ, ಗೆದ್ದದ್ದನ್ನೇ ಹೊಲಿಯಿರಿ.

ಹಳೆಯ ವೀಡಿಯೊಗಳ ಕೆಳಗೆ ಬಿದ್ದಿರುವ ಪ್ರಶ್ನೆಗಳಿಗೆ ಅಲ್ಲೇ, ಪೂರ್ತಿ ಉತ್ತರ ಬರೆಯಿರಿ. ಯೂಟ್ಯೂಬ್ ತಾನಾಗಿ ಪರಿಶೀಲನೆಗೆಂದು ತಡೆದಿಟ್ಟ ಕಾಮೆಂಟ್‌ಗಳು ಸ್ಟುಡಿಯೊದಲ್ಲಿ ಬೇರೆ ಕಡೆ ಇರುತ್ತವೆ, ಅಲ್ಲೂ ಒಳ್ಳೆಯ ಪ್ರಶ್ನೆಗಳು ಸಿಕ್ಕಿಕೊಂಡಿರುತ್ತವೆ. ಒಂದೇ ಪ್ರಶ್ನೆ ಮತ್ತೆ ಮತ್ತೆ ಬಂದರೆ ಉತ್ತರವನ್ನು ಬೇರೆ ಕಾಮೆಂಟ್ ಆಗಿ ಬರೆದು ಮೇಲೆ ಪಿನ್ ಮಾಡಿ. ಕೈಯಲ್ಲಿ ಮಾಡಿ ತೋರಿಸಬೇಕಾದದ್ದಿದ್ದರೆ ಶಾರ್ಟ್ಸ್ ಮಾಡಿ. 2024ರ ಅಕ್ಟೋಬರ್‌ನಿಂದ ಅದಕ್ಕೆ 3 ನಿಮಿಷದವರೆಗೆ ಅವಕಾಶವಿದೆ, ಸುಕ್ಕು ಬಿಡಿಸಿ ತೋರಿಸಲು ಧಾರಾಳವಾಯಿತು.

ವಾಟ್ಸ್‌ಆ್ಯಪ್ ಗುಂಪು ಮಾಡಿ ಎಂದು ಯಾರಾದರೂ ಹೇಳಿಯಾರು. ದಯವಿಟ್ಟು ಬೇಡ. ಗುಂಪಿಗೆ ಸೇರಿದ ಹೆಣ್ಣುಮಕ್ಕಳ ನಂಬರ್ ಅಲ್ಲಿರುವ ಅಪರಿಚಿತರಿಗೆಲ್ಲ ಕಾಣುತ್ತದೆ. ನೀವು ಕೊಟ್ಟ ಉತ್ತರವೂ ಸಂಜೆಯೊಳಗೆ ಮೇಲೆ ಹೋಗಿ ಕಳೆದುಹೋಗುತ್ತದೆ. ವೀಡಿಯೊದ ಕೆಳಗೆ ಬರೆದದ್ದು ಮುಂದಿನ ವರ್ಷ ಬಂದವರಿಗೂ ಸಿಗುತ್ತದೆ.

ಇದಕ್ಕೆಲ್ಲ ಹೊತ್ತು ಸಾಲದಿದ್ದರೆ ಮುಂದಿನ ವೀಡಿಯೊವನ್ನೇ ಒಂದು ವಾರ ಮುಂದಕ್ಕೆ ಹಾಕಿ.