ಸದಸ್ಯರ ಮೆಸೇಜಿಗೆ ಅಡ್ಮಿನ್‌ಗೆ ನೋಟಿಸ್ ಬಂದರೆ

ನಿವಾಸಿಗಳ ವಾಟ್ಸಾಪ್ ಗುಂಪಿನಲ್ಲಿ ಸದಸ್ಯರೊಬ್ಬರು ಕಾಮಗಾರಿಯ ಗುತ್ತಿಗೆದಾರರ ವಿರುದ್ಧ ಬರೆದದ್ದಕ್ಕೆ ನಿಮಗೆ ಲಾಯರ್ ನೋಟಿಸ್ ಬಂದಿದೆ, ಏನು ಮಾಡಲಿ ಅಂತ ಕೇಳಿದ್ದೀರಿ. ಅದು ನಿಮಗೆ ಬಂದಿರುವುದು, ಬಹುಶಃ, ಗುಂಪಿನಲ್ಲಿ 'ಅಡ್ಮಿನ್' ಅಂತ ಕಾಣುವುದು ನಿಮ್ಮ ನಂಬರ್ ಅನ್ನೋ ಕಾರಣಕ್ಕೆ. ಅಡ್ಮಿನ್ ಆದ ಮಾತ್ರಕ್ಕೆ ಅಪರಾಧಿ ಆಗುವುದಿಲ್ಲ. ಬಾಂಬೆ ಹೈಕೋರ್ಟ್ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಇದನ್ನೇ ಹೇಳಿವೆ. ಆದರೆ ಅವು ಬೇರೆ ರಾಜ್ಯದ ತೀರ್ಪುಗಳು. ಇಲ್ಲಿನ ಕೋರ್ಟ್ ಒಪ್ಪಲೇಬೇಕು ಅಂತಿಲ್ಲ, ಹಾಗಾಗಿ ನೂರಕ್ಕೆ ನೂರು ಭರವಸೆ ಕೊಡಲಾರೆ.

ಮೊದಲು ಆ ಮೆಸೇಜಿನ ಸ್ಕ್ರೀನ್‌ಶಾಟ್ ತೆಗೆಯಿರಿ, ಬರೆದವರ ನಂಬರ್, ದಿನಾಂಕ, ಸಮಯ ಕಾಣುವ ಹಾಗೆ. ಆಮೇಲೆ ಎಕ್ಸ್‌ಪೋರ್ಟ್ ಚಾಟ್ ಒತ್ತಿ ಇಡೀ ಮಾತುಕತೆಯನ್ನು ನಿಮ್ಮ ಇಮೇಲ್‌ಗೆ ಕಳಿಸಿಕೊಳ್ಳಿ. ಗಾಬರಿಯಲ್ಲಿ ಮೊದಲೇ ಅಳಿಸಿದರೆ ನಿಮ್ಮ ಸಾಕ್ಷಿಯೇ ಹೋಗುತ್ತದೆ. ನಮ್ಮ ಗುಂಪಿನಲ್ಲಿ ಹಾಗೇ ಆಗಿ, ಯಾರು ಏನು ಬರೆದರು ಅಂತ ತೋರಿಸಲು ಏನೂ ಉಳಿದಿರಲಿಲ್ಲ.

ಆ ಮೆಸೇಜನ್ನು ಇನ್ನೆಲ್ಲೂ ಫಾರ್ವರ್ಡ್ ಮಾಡಬೇಡಿ, ಹೆಬ್ಬೆರಳಿನ ಇಮೋಜಿಯನ್ನೂ ಹಾಕಬೇಡಿ. ನಿಮ್ಮ ಬೆಂಬಲ ಇತ್ತು ಅಂತ ವಾದಿಸಲು ಅದೇ ಸಾಕು.

ನೋಟಿಸಿನಲ್ಲಿ ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆಯ 66ಎ ಕಲಂ, ಅಂದರೆ ಆಕ್ಷೇಪಾರ್ಹ ಮೆಸೇಜ್ ಕಳಿಸುವುದನ್ನು ಅಪರಾಧ ಅನ್ನುತ್ತಿದ್ದ ಕಲಂ, ಇದೆಯಾ ನೋಡಿ. ಅದನ್ನು ಸುಪ್ರೀಂ ಕೋರ್ಟ್ 2015ರಲ್ಲೇ ರದ್ದು ಮಾಡಿದೆ. ಸುಮ್ನೆ ಹೆದರಿಸಲು ಈಗಲೂ ಬರೆಯುವವರಿದ್ದಾರೆ.

ಮೆಸೇಜಿನಲ್ಲಿ ಬರೀ ಬೈಗುಳ ಇದ್ದರೆ ಅಡ್ಮಿನ್ ಆಗಿ ಅಳಿಸಿಬಿಡಿ. ಕಳಪೆ ಕಾಮಗಾರಿಯ ದೂರು ಇದ್ದರೆ ಅಳಿಸಬೇಡಿ, ಅದನ್ನು ಹೇಳುವ ಹಕ್ಕು ನಿವಾಸಿಗಳಿಗಿದೆ. ನೋಟಿಸಿನಲ್ಲಿ ಕೊಟ್ಟ ಗಡುವಿನೊಳಗೆ ವಕೀಲರ ಮೂಲಕವೇ ಉತ್ತರ ಕೊಡಿ. ಠಾಣೆಯಿಂದ ಫೋನ್ ಬಂದರೆ ಲಿಖಿತ ನೋಟಿಸ್ ಕೇಳಿ, ಆ ಸ್ಕ್ರೀನ್‌ಶಾಟ್ ಹಿಡಿದು ವಕೀಲರ ಜೊತೆ ಹೋಗಿ.