ಹುಟ್ಟುಹಬ್ಬದ ಸಂಜೆ ಚಂದ್ರನಿಗೆ ಹೋಗಿ ಬಂದ ಮಕ್ಕಳು

ಮಗನಿಗೆ ಮುಂದಿನ ತಿಂಗಳು ಐದು ವರ್ಷ ತುಂಬುತ್ತದೆ, ರಾಕೆಟ್ಟು, ಚಂದ್ರ, ಗ್ರಹ ಎಂದರೆ ಅವನಿಗೆ ಪ್ರಾಣ, ಹತ್ತು ಹನ್ನೆರಡು ಮಕ್ಕಳನ್ನು ಕರೆದು ಮನೆಯಲ್ಲೇ ಬಾಹ್ಯಾಕಾಶದ ಹುಟ್ಟುಹಬ್ಬ ಮಾಡಬೇಕೆಂದಿದ್ದೇವೆ, ಆದರೆ ಅಲಂಕಾರದವರು ಹೇಳುವ ದರ ಕೈಗೆ ಮೀರಿದ್ದು, ಏನು ಮಾಡಬಹುದು ಎಂದು ನೀವು ಕೇಳಿದ್ದೀರಿ. ನನ್ನ ಮಗಳ ಐದನೆಯ ಹುಟ್ಟುಹಬ್ಬವನ್ನು 2024ರ ಮೇ ತಿಂಗಳಿನಲ್ಲಿ ಮೈಸೂರಿನ ನಮ್ಮ ಬಾಡಿಗೆ ಮನೆಯಲ್ಲಿ ಇದೇ ರೀತಿ ಮಾಡಿದ್ದೆವು. ಅದರ ಆಧಾರದ ಮೇಲೆ ಉತ್ತರಿಸುತ್ತಿದ್ದೇನೆ. ನಾನು ಹೇಳಬೇಕಾದುದರ ತಿರುಳು ಇಷ್ಟೇ: ದುಡ್ಡನ್ನೂ ಶ್ರಮವನ್ನೂ ಗೋಡೆಯ ಮೇಲೆ ಸುರಿಯಬೇಡಿ, ಮಕ್ಕಳು ತಮ್ಮ ಕೈಯಾರೆ ಮಾಡುವ ಒಂದು ಪ್ರಯಾಣವನ್ನು ಕಟ್ಟಿಕೊಡಿ.

ಇದನ್ನು ನಾನು ಕಲಿತದ್ದು ಅದರ ಹಿಂದಿನ ವರ್ಷ. ನಾಲ್ಕನೆಯ ಹುಟ್ಟುಹಬ್ಬಕ್ಕೆ ಅಲಂಕಾರದವರನ್ನು ಕರೆಸಿ, ಹಾಲಿನ ಮೂರು ಗೋಡೆಗಳಿಗೂ ಕಪ್ಪು ಬಟ್ಟೆ ಇಳಿಬಿಡಿಸಿ, ದೀಪ ಆರಿಸಿ ಹೊಳೆಯುವ ನಕ್ಷತ್ರಗಳನ್ನು ಅಂಟಿಸಿದ್ದೆವು. ದೊಡ್ಡವರೆಲ್ಲ ಫೋಟೋ ತೆಗೆದು ಹೊಗಳಿದರು. ಆದರೆ ಕತ್ತಲೆಗೆ ಹೆದರಿದ ಎರಡು ಮಕ್ಕಳು ತಾಯಂದಿರ ಸೆರಗು ಹಿಡಿದು ಅಳುತ್ತ ನಿಂತವು, ಉಳಿದವು ಹತ್ತು ನಿಮಿಷದೊಳಗೆ ಬಲೂನು ಕಿತ್ತು ಬೀದಿಗೆ ಆಡಲು ಹೋದವು. ಆ ವಯಸ್ಸಿನ ಮಗುವಿಗೆ ನೋಡುವುದು ಬೇಗ ಮುಗಿದುಹೋಗುತ್ತದೆ, ಮಾಡುವುದು ಮುಗಿಯುವುದಿಲ್ಲ.

ಅದೇ ವರ್ಷ ಆಗಸ್ಟ್ 23ರ ಸಂಜೆ ಆರು ಗಂಟೆ ದಾಟಿ ನಾಲ್ಕು ನಿಮಿಷಕ್ಕೆ ಚಂದ್ರಯಾನ-3ರ ವಿಕ್ರಮ್ ನೌಕೆ ಚಂದ್ರನ ಮೇಲೆ ಇಳಿದದ್ದನ್ನು ನಾವು ಮನೆಮಂದಿಯೆಲ್ಲ ಟೀವಿಯಲ್ಲಿ ನೋಡಿದ್ದೆವು. ಮಗಳ ತಲೆಯಲ್ಲಿ ಅದು ಗಟ್ಟಿಯಾಗಿ ಕೂತಿತ್ತು. ಆದ್ದರಿಂದ ಐದನೆಯ ಹುಟ್ಟುಹಬ್ಬಕ್ಕೆ ಇಡೀ ಬಾಹ್ಯಾಕಾಶವನ್ನು ಬಿಟ್ಟು, ಹೋಗುವುದು, ಇಳಿಯುವುದು, ಹಿಂತಿರುಗುವುದು ಎಂಬ ಒಂದೇ ಕಥೆಯನ್ನು ಹಿಡಿದೆವು. ನಿಮ್ಮ ಮಗನಿಗೆ ಮಂಗಳ ಇಷ್ಟವೋ ಶನಿ ಇಷ್ಟವೋ ಮೊದಲು ಅವನನ್ನೇ ಕೇಳಿ, ಅವನು ಹೇಳಿದ ಊರಿಗೇ ಹೊರಡಿ. ಆದರೆ ಎರಡು ಊರು ಬೇಡ, ಒಂದೂ ಮುಕ್ಕಾಲು ಗಂಟೆಯ ಸಮಾರಂಭಕ್ಕೆ ಒಂದೇ ಹೆಚ್ಚು.

ರಾಕೆಟ್ಟಿಗೆ ನಾವು ಬಳಸಿದ್ದು ಫ್ರಿಜ್ ಬಂದ ರಟ್ಟಿನ ಪೆಟ್ಟಿಗೆ. ಮನೆ ಸಾಮಾನಿನ ಅಂಗಡಿಯಲ್ಲಿ ಒಂದು ವಾರ ಮೊದಲೇ ಹೇಳಿಟ್ಟರೆ ಎತ್ತಿಟ್ಟು ಕೊಡುತ್ತಾರೆ. ಬಿಳಿ ಕಾಗದ ಅಂಟಿಸಿ, ಬಣ್ಣ ಬಳಿಯುವ ಕೆಲಸವನ್ನು ಬಂದ ಮಕ್ಕಳಿಗೇ ಬಿಟ್ಟೆವು. ಮೊದಲ ಅರ್ಧ ಗಂಟೆ, ತಡವಾಗಿ ಬರುವವರಿಗಾಗಿ ಕಾಯುವ ಆ ಕಷ್ಟದ ಅವಧಿ, ಹೀಗೆ ತಾನಾಗಿ ಕಳೆಯುತ್ತದೆ. ಪೆಟ್ಟಿಗೆಯ ಎರಡು ಬದಿಗೆ ಎರಡು ರಟ್ಟಿನ ಕೊಳವೆಗಳನ್ನು ಸಡಿಲವಾಗಿ ಟೇಪಿನಿಂದ ಅಂಟಿಸಿದ್ದೆವು. ಚಂದ್ರಯಾನ-3ನ್ನು ಹೊತ್ತೊಯ್ದ ಎಲ್‌ವಿಎಂ-3 ರಾಕೆಟ್ಟು 43.5 ಮೀಟರ್ ಎತ್ತರದ್ದು. ನೆಲದಿಂದ ಏಳುವಾಗ ಅದರಲ್ಲಿ ಉರಿಯುವುದು ಪಕ್ಕದ ಆ ಎರಡು ಘನ ಇಂಧನದ ಕೊಳವೆಗಳು ಮಾತ್ರ, ಎರಡು ನಿಮಿಷ ದಾಟುತ್ತಿದ್ದಂತೆ ಅವು ಕಳಚಿ ಸಮುದ್ರಕ್ಕೆ ಬೀಳುತ್ತವೆ. ನಮ್ಮಲ್ಲೂ ಮಕ್ಕಳು ಹತ್ತು, ಒಂಬತ್ತು, ಎಂಟು ಎಂದು ಕನ್ನಡದಲ್ಲೇ ಇಳಿಯೆಣಿಕೆ ಮಾಡಿ, ಸೊನ್ನೆ ಎಂದು ಕೂಗಿದ ಮೇಲೆ ಇಪ್ಪತ್ತು ಎಣಿಸಿ, ಇಬ್ಬರು ಕೊಳವೆಗಳನ್ನು ಕಿತ್ತೆಸೆದರು. ಪ್ರತಿಯೊಂದು ಮಗುವಿಗೂ ಕೀಳುವ ಸರದಿ ಬೇಕೆಂದು ಆರು ಸಲ ಉಡಾವಣೆ ನಡೆಯಿತು, ಆದ್ದರಿಂದ ಟೇಪಿನ ದೊಡ್ಡ ಸುರುಳಿಯನ್ನೇ ಕೈಗೆ ಸಿಗುವಂತೆ ಇಟ್ಟುಕೊಳ್ಳಿ. ಶ್ರೀಹರಿಕೋಟಾದಿಂದ ಜುಲೈ 14ಕ್ಕೆ ಹೊರಟದ್ದು ಚಂದ್ರನ ಮೇಲೆ ಇಳಿಯಲು ನಲವತ್ತು ದಿನ ಹಿಡಿಯಿತು ಎಂದು ಹೇಳಿ, ಮಕ್ಕಳಿಂದ ಹಾಲಿನ ಸುತ್ತ ದೊಡ್ಡದಾಗುತ್ತ ಹೋಗುವ ಸುತ್ತುಗಳನ್ನು ಹಾಕಿಸಿದೆವು. ಅದು ಭೂಮಿಯನ್ನು ಸುತ್ತಿ ಸುತ್ತಿ ಹಾದಿಯನ್ನು ಹಿಗ್ಗಿಸಿಕೊಂಡೇ ಹೋದದ್ದು ತಾನೆ?

ಇನ್ನು ಚಂದ್ರನ ನೆಲ. ಇಡೀ ದಿನದಲ್ಲಿ ಮಕ್ಕಳನ್ನು ಅತಿ ಹೆಚ್ಚು ಹೊತ್ತು ಹಿಡಿದು ಕೂರಿಸಿದ್ದು ಇದೇ ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಅಗಲವಾದ ಸ್ಟೀಲ್ ಹರಿವಾಣದಲ್ಲಿ ಎರಡು ಬೆರಳು ದಪ್ಪಕ್ಕೆ ಅಕ್ಕಿ ಹಿಟ್ಟು ಹರಡಿ, ಅದರ ಮೇಲೆ ಜರಡಿಯಿಂದ ರಾಗಿ ಹಿಟ್ಟನ್ನು ತೆಳ್ಳಗೆ, ಬಿಳಿ ಕಾಣದಷ್ಟು ಮಾತ್ರ, ಉದುರಿಸಿ. ಹಿಟ್ಟನ್ನು ಒತ್ತಿ ಗಟ್ಟಿ ಮಾಡಬಾರದು. ಈಗ ಒಂದು ಗೋಲಿಯನ್ನು ಮಗುವಿನ ಎದೆಯ ಎತ್ತರದಿಂದ ಬಿಡಲು ಹೇಳಿ. ಗೋಲಿ ಬಿದ್ದ ಕಡೆ ದುಂಡನೆಯ ಗುಂಡಿ, ಅದರ ಸುತ್ತ ಅಂಚು, ಅಂಚಿನಿಂದಾಚೆಗೆ ಒಳಗಿನ ಬಿಳಿ ಹಿಟ್ಟು ಬೂದುಗೆಂಪು ನೆಲದ ಮೇಲೆ ಸೂರ್ಯನ ಕಿರಣಗಳ ಹಾಗೆ ಚಿಮ್ಮಿರುತ್ತದೆ. ಚಂದ್ರನ ಮೇಲೆ ಆಗಿರುವುದೂ ಹೀಗೆಯೇ. ಹುಣ್ಣಿಮೆಯ ದಿನ ಚಂದ್ರನ ದಕ್ಷಿಣ ಭಾಗದಲ್ಲಿ ಟೈಕೋ ಎಂಬ, ಸುಮಾರು 85 ಕಿಲೋಮೀಟರ್ ಅಗಲದ ಕುಳಿಯಿಂದ ಬಿಳಿಯ ಗೆರೆಗಳು ಹರಡಿರುವುದು ಸಾಧಾರಣ ಬೈನಾಕ್ಯುಲರಿನಲ್ಲೂ ಕಾಣುತ್ತದೆ. ಅದರ ಚಿತ್ರವೊಂದನ್ನು ಮುದ್ರಿಸಿ ಹರಿವಾಣದ ಪಕ್ಕದಲ್ಲಿ ಇಟ್ಟಿದ್ದೆ. ನಾನು ಏನೂ ಹೇಳುವ ಮೊದಲೇ ಒಬ್ಬ ಹುಡುಗ ಎರಡನ್ನೂ ನೋಡಿ, ‘ಆಂಟಿ, ಇದೂ ಅದೂ ಒಂದೇ’ ಎಂದ. ಮೊಣಕಾಲಿನ ಎತ್ತರದಿಂದ ಬಿಟ್ಟರೆ ಗುಂಡಿ ಚಿಕ್ಕದು, ತಲೆಯ ಮೇಲಿಂದ ಬಿಟ್ಟರೆ ದೊಡ್ಡದು ಎಂಬುದನ್ನು ಅವರೇ ಕಂಡುಕೊಂಡರು. ಅನ್ನದ ಪದಾರ್ಥ ಹಾಳುಮಾಡುವುದಕ್ಕೆ ನಮ್ಮ ಅತ್ತೆಯವರು ಒಪ್ಪಲಿಲ್ಲ, ಅವರ ಮಾತು ನ್ಯಾಯವಾದದ್ದೇ. ಆದ್ದರಿಂದ ಹುಳು ಹಿಡಿದು ಪಕ್ಕಕ್ಕಿಟ್ಟಿದ್ದ ಹಳೆಯ ಹಿಟ್ಟನ್ನೇ ಜರಡಿ ಹಿಡಿದು ಬಳಸಿದೆವು. ಮೂರು ವರ್ಷದೊಳಗಿನ ತಮ್ಮ ತಂಗಿಯರು ಬಂದಿದ್ದರೆ ಗೋಲಿಗಳನ್ನು ಎಣಿಸಿ ಕೊಟ್ಟು, ಎಣಿಸಿ ವಾಪಸು ತೆಗೆದುಕೊಳ್ಳಿ.

ಬೆಳಿಗ್ಗೆ ಬಾಗಿಲ ಮುಂದೆ ರಂಗೋಲಿ ಹಾಕುವಾಗ ನಾನು ಒಂದು ಮೀಟರ್ ಅಗಲದ ಹಳದಿ ಸೂರ್ಯನನ್ನು ಬರೆದಿದ್ದೆ. ಸೂರ್ಯ ಅಷ್ಟಿದ್ದರೆ ಭೂಮಿ ಒಂದು ಕಾಬೂಲಿ ಕಡಲೆಯಷ್ಟು, ಚಂದ್ರ ಒಂದು ದಪ್ಪ ಸಾಸಿವೆ ಕಾಳಿನಷ್ಟು. ಕಡಲೆಯನ್ನು ಸೂರ್ಯನಿಂದ 107 ಮೀಟರ್ ದೂರದಲ್ಲಿ ಇಡಬೇಕು, ಸಾಸಿವೆಯನ್ನು ಕಡಲೆಯಿಂದ 28 ಸೆಂಟಿಮೀಟರ್ ದೂರದಲ್ಲಿ. ಮಕ್ಕಳು ಕೈ ಕೈ ಹಿಡಿದು, ಮುಂದೊಬ್ಬರು ಹಿಂದೊಬ್ಬರು ದೊಡ್ಡವರ ನಡುವೆ, ನಮ್ಮ ಬೀದಿಯ ಕೊನೆಯ ಹೊಂಗೆ ಮರದವರೆಗೆ ನಡೆದು ಕಡಲೆಯನ್ನು ಇಟ್ಟು ಬಂದರು. ಮನುಷ್ಯರು ಈವರೆಗೆ ಹೋಗಿ ಕಾಲಿಟ್ಟಿರುವುದು ಈ ಕಡಲೆಯಿಂದ ಆ ಸಾಸಿವೆಯವರೆಗೆ ಮಾತ್ರ ಎಂದಾಗ, ಮಕ್ಕಳಿಗಿಂತ ಹೆಚ್ಚು ಹೊತ್ತು ಸುಮ್ಮನಾದವರು ಜೊತೆಗೆ ಬಂದಿದ್ದ ತಂದೆಯರು. ವಾಹನ ಓಡಾಡುವ ರಸ್ತೆಯಾದರೆ ಇದನ್ನು ಹತ್ತಿರದ ಪಾರ್ಕಿಗೆ ಒಯ್ಯಿರಿ.

ಅಂಗಡಿಯಲ್ಲಿ ಸಿಗುವ ಗ್ರಹಗಳ ತೋರಣವನ್ನು ಕೊಳ್ಳುವುದಾದರೆ ಎಣಿಸಿ ನೋಡಿ. 2006ರಿಂದ ಪ್ಲೂಟೋ ಕುಬ್ಜ ಗ್ರಹಗಳ ಸಾಲಿಗೆ ಸೇರಿದೆ, ಗ್ರಹಗಳು ಎಂಟು. ನಮ್ಮ ಮಕ್ಕಳು ದೇವಸ್ಥಾನದಲ್ಲಿ ನವಗ್ರಹಗಳಿಗೆ ಪ್ರದಕ್ಷಿಣೆ ಹಾಕಿ ಬರುವವರಾದ್ದರಿಂದ ಇಲ್ಲೊಂದು ಪ್ರಶ್ನೆ ಏಳುತ್ತದೆ, ಅದಕ್ಕೆ ನೀವು ಸಿದ್ಧರಿರಬೇಕು. ‘ಇದರಲ್ಲಿ ರಾಹು ಎಲ್ಲಿ?’ ಎಂದು ಒಂದು ಹುಡುಗಿ ಕೇಳಿದಳು. ಆ ಪ್ರಶ್ನೆಯನ್ನು ನಕ್ಕು ತಳ್ಳಿಹಾಕಬಾರದು, ಏಕೆಂದರೆ ಅದಕ್ಕೆ ಒಳ್ಳೆಯ ಉತ್ತರವಿದೆ. ಆಕಾಶದಲ್ಲಿ ಸೂರ್ಯ ಹೋಗುವ ಹಾದಿ ಒಂದು, ಚಂದ್ರ ಹೋಗುವ ಹಾದಿ ಇನ್ನೊಂದು. ಅವೆರಡೂ ಒಂದನ್ನೊಂದು ದಾಟುವ ಎರಡು ಜಾಗಗಳಿಗೆ ನಮ್ಮ ಹಿರಿಯರು ರಾಹು, ಕೇತು ಎಂದು ಹೆಸರಿಟ್ಟರು, ಅಮಾವಾಸ್ಯೆಯೋ ಹುಣ್ಣಿಮೆಯೋ ಆ ಜಾಗಗಳ ಹತ್ತಿರ ಬಿದ್ದಾಗಲೇ ಗ್ರಹಣವಾಗುವುದು. ಎರಡು ಬಳೆಗಳನ್ನು ಓರೆಯಾಗಿ ಒಂದರೊಳಗೊಂದು ಹಿಡಿದು, ಅವು ಕೂಡುವ ಎರಡು ಕಡೆಗಳನ್ನು ಬೆರಳಿನಿಂದ ಮುಟ್ಟಿಸಿದೆ. ಅವಳಿಗೆ ಅಷ್ಟು ಸಾಕಾಯಿತು.

ಕೆಲವನ್ನು ಮಾತ್ರ ಖಂಡಿತ ಬೇಡವೆನ್ನುತ್ತೇನೆ. ಬೀದಿಯಲ್ಲಿ ಮಾರುವ ಮೇಲೇರುವ ಬಲೂನುಗಳಲ್ಲಿ ಎಷ್ಟೋ ಸಲ ಹೈಡ್ರೋಜನ್ ತುಂಬಿರುತ್ತಾರೆ, ಅದು ಮೇಣದ ಬತ್ತಿಯ ಬಳಿ ಬಂದರೆ ಬೆಂಕಿಯಾಗಿ ಸಿಡಿಯುತ್ತದೆ. ಕೇಕಿನ ಮುಂದೆ ಚಿಮ್ಮಿಸುವ ಸ್ನೋ ಸ್ಪ್ರೇ ಕೂಡ ಹೊತ್ತಿಕೊಳ್ಳುವ ವಸ್ತು, ಉರಿಯುವ ಬತ್ತಿಯ ಎದುರು ಅದನ್ನು ಮಗುವಿನ ಮುಖದ ಹತ್ತಿರ ಹಿಡಿಯುವುದನ್ನು ನೆನೆದರೆ ನನಗೆ ಭಯವಾಗುತ್ತದೆ. ಹೊಗೆಯಾಡುವ ಪಾನೀಯ, ಹೊಗೆಯಾಡುವ ಬಿಸ್ಕತ್ತು ಇವುಗಳಿಗೆ ಬಳಸುವ ದ್ರವ ನೈಟ್ರೋಜನ್, ಡ್ರೈ ಐಸ್ ಎರಡೂ ಮಕ್ಕಳ ಬಾಯಿಗೆ ಹೋಗಲೇಬಾರದು, ಒಳಗೆ ಹೋದರೆ ಕರುಳನ್ನು ಸುಡುತ್ತವೆ. ಒಡೆದ ಬಲೂನಿನ ಚೂರುಗಳು ಗಂಟಲಿಗೆ ಸಿಕ್ಕಿಕೊಳ್ಳುವುದರಿಂದ ಒಬ್ಬರು ಅವನ್ನು ಹೆಕ್ಕುವುದಕ್ಕೇ ನಿಂತಿರಲಿ.

ಊಟಕ್ಕೆ ಹೆಚ್ಚು ಯೋಚಿಸಬೇಡಿ. ತಟ್ಟೆ ಇಡ್ಲಿಯೇ ಪೂರ್ಣಚಂದ್ರ. ಕೋಡುಬಳೆಯ ನಡುವೆ ಒಂದು ರವೆ ಉಂಡೆ ಕೂರಿಸಿದರೆ ಶನಿಗ್ರಹ, ಮೊದಲು ಖಾಲಿಯಾದ ತಟ್ಟೆ ಅದೇ. ಕೇಕಿಗೆ ಕಡು ನೀಲಿ ಕ್ರೀಮು ಹಾಕಿಸಿದರೆ ಮಕ್ಕಳ ನಾಲಿಗೆ, ಬಟ್ಟೆ, ಗೋಡೆ ಎಲ್ಲಕ್ಕೂ ಬಣ್ಣ ಹತ್ತುತ್ತದೆ, ಬಿಳಿ ಕ್ರೀಮಿನ ಮೇಲೆ ಕೋಕೋ ಪುಡಿ ಉದುರಿಸಿ ಕೊಡಿ ಎಂದು ಬೇಕರಿಯವರಿಗೆ ಹೇಳಿದರೆ ಚಂದ್ರನ ನೆಲ ಸಿದ್ಧ. ನಮಗೆ ಎಲ್ಲ ಸೇರಿ ಆರು ಸಾವಿರ ರೂಪಾಯಿ ದಾಟಲಿಲ್ಲ, ಅದರಲ್ಲೂ ಕೇಕು ಮತ್ತು ಊಟದ್ದೇ ಹೆಚ್ಚು. ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯವೋ ಮಂಗಳೂರಿನ ಪಿಲಿಕುಳದ ತಾರಾಲಯವೋ ನಿಮಗೆ ಹತ್ತಿರವಾದರೆ, ಹುಟ್ಟುಹಬ್ಬಕ್ಕೆ ಒಂದು ವಾರ ಮೊದಲು ಮಗನನ್ನು ಕರೆದುಕೊಂಡು ಹೋಗಿ ಬನ್ನಿ.

ದಿನವನ್ನು ಆರಿಸುವ ಸ್ವಾತಂತ್ರ್ಯವಿದ್ದರೆ ಪಂಚಾಂಗ ತೆಗೆದು ಶುಕ್ಲ ಪಕ್ಷದ ಷಷ್ಠಿಯಿಂದ ದಶಮಿಯೊಳಗಿನ ಒಂದು ಸಂಜೆಯನ್ನು ಇಟ್ಟುಕೊಳ್ಳಿ. ಆಗ ಕತ್ತಲಾಗುವ ಹೊತ್ತಿಗೆ ಚಂದ್ರ ಮೇಲೆಯೇ ಇರುತ್ತಾನೆ, ಬೆಳಕು ನೆರಳು ಕೂಡುವ ಗೆರೆಯ ಉದ್ದಕ್ಕೂ ಕುಳಿಗಳು ಅಂಚು ಎತ್ತಿ ನಿಂತ ಹಾಗೆ ಕಾಣುತ್ತವೆ. ಹುಣ್ಣಿಮೆಯಲ್ಲಿ ನೆರಳಿಲ್ಲದೆ ಅವು ಮಸುಕಾಗುತ್ತವೆ. ನಮಗೆ ಅದೃಷ್ಟವಶಾತ್ ಅಷ್ಟಮಿಯ ಸುತ್ತಮುತ್ತ ಸಿಕ್ಕಿತು. ಎರವಲು ತಂದ ಬೈನಾಕ್ಯುಲರನ್ನು ತಾರಸಿಯ ಕಟ್ಟೆಯ ಮೇಲೆ ದಿಂಬಿಟ್ಟು ಒರಗಿಸಿ, ಮಧ್ಯಾಹ್ನ ಹಿಟ್ಟಿನಲ್ಲಿ ಮಾಡಿದ ಗುಂಡಿಗಳನ್ನು ಮೇಲೆ ಹುಡುಕಲು ಬಿಟ್ಟೆವು.

ಕೊನೆಯದಾಗಿ ಹೇಳುವುದನ್ನು ದಯವಿಟ್ಟು ಬಿಡಬೇಡಿ, ಇದಕ್ಕೆ ಒಂದು ರೂಪಾಯಿಯೂ ಬೇಡ. ನಿಮ್ಮ ಮಗನ ಜನ್ಮನಕ್ಷತ್ರ ನಿಮಗೆ ಗೊತ್ತಿರುತ್ತದೆ, ಅರ್ಚನೆ ಮಾಡಿಸುವಾಗ ಹೇಳುವ ಹೆಸರು ಅದು. ಅವನು ಹುಟ್ಟಿದ ಹೊತ್ತಿನಲ್ಲಿ ಚಂದ್ರ ಆಕಾಶದ ಯಾವ ಭಾಗದಲ್ಲಿದ್ದ ಎಂಬುದರ ಗುರುತು ಅದು. ಚಂದ್ರ ಒಂದು ಸುತ್ತು ಮುಗಿಸಲು 27 ದಿನಕ್ಕಿಂತ ಸ್ವಲ್ಪ ಹೆಚ್ಚು ತೆಗೆದುಕೊಳ್ಳುವುದರಿಂದಲೇ ನಕ್ಷತ್ರಗಳು ಇಪ್ಪತ್ತೇಳು. ಕೃತ್ತಿಕೆ, ರೋಹಿಣಿ, ಆರಿದ್ರಾ, ಪುನರ್ವಸು ಚಳಿಗಾಲದ ಸಂಜೆಗಳಲ್ಲಿ, ಮಖಾ, ಚಿತ್ತೆ, ಸ್ವಾತಿ ಬೇಸಿಗೆಯಲ್ಲಿ, ಜ್ಯೇಷ್ಠಾ ಮಳೆಗಾಲದ ಮೋಡಗಳ ನಡುವೆ, ಶ್ರವಣ ಅದರ ಹಿಂದೆಯೇ ಕಾಣುತ್ತವೆ. ಆಶ್ಲೇಷಾ, ಶತಭಿಷಾ, ರೇವತಿಯಂಥವು ಮಂಕು, ಪೇಟೆಯ ಬೆಳಕಿನಲ್ಲಿ ಸಿಗುವುದಿಲ್ಲ. ಅಂಥ ನಕ್ಷತ್ರವಾದರೆ ಸ್ಟೆಲ್ಲೇರಿಯಂ ತಂತ್ರಾಂಶದಲ್ಲಿ ಜಾಗವನ್ನಾದರೂ ತೋರಿಸಬಹುದು.

ನನ್ನ ಮಗಳದು ಚಿತ್ತೆ. ತಾರೀಖಿನ ಹುಟ್ಟುಹಬ್ಬ ಮುಗಿದು ನಾಲ್ಕೈದು ದಿನಕ್ಕೆ ನಕ್ಷತ್ರದ ಹುಟ್ಟುಹಬ್ಬ ಬಂತು. ಅಂದು ಸಂಜೆ ಆರತಿ ಎತ್ತಿದ ಮೇಲೆ ನಾವು ನಾಲ್ವರೇ ತಾರಸಿಗೆ ಹೋದೆವು. ಮೋಡ ಬಹಳವಿತ್ತು. ಸುಮಾರು ಅರ್ಧ ಗಂಟೆ ಕಾದ ಮೇಲೆ ಆಗ್ನೇಯದಲ್ಲಿ ಒಂದು ಕಡೆ ಬಿಡಿಸಿಕೊಂಡಿತು, ಚಂದ್ರನೂ ಅವನ ಪಕ್ಕದಲ್ಲೇ ಬೆಳ್ಳಗೆ ಚಿತ್ತೆಯೂ ಕಂಡರು. ನೀನು ಹುಟ್ಟಿದಾಗ ಚಂದ್ರ ನಿಂತಿದ್ದ ಜಾಗ ಇದೇ, ಈಗ ತಿರುಗಿ ಅಲ್ಲಿಗೇ ಬಂದಿದ್ದಾನೆ ಎಂದೆ. ಅವಳು ಅಜ್ಜಿಯ ಕೈ ಎಳೆದು ತೋರಿಸಿದಳು. ಚಿತ್ತೆ ಮಳೆ, ಸ್ವಾತಿ ಮಳೆ ಎಂದು ಐವತ್ತು ವರ್ಷ ಹೊಲದ ಲೆಕ್ಕದಲ್ಲಿ ಆ ಹೆಸರು ಹೇಳಿದ್ದ ನಮ್ಮ ಅತ್ತೆಯವರು, ಆ ನಕ್ಷತ್ರವನ್ನು ಇದೇ ಎಂದು ಗುರುತಿಸಿ ನೋಡಿದ್ದು ಅದೇ ಮೊದಲು. ‘ಇಷ್ಟು ದಿನ ಇದು ಇಲ್ಲೇ ಇತ್ತೇನಮ್ಮ’ ಎಂದು ಕೇಳಿ, ಮೋಡ ಮುಚ್ಚುವವರೆಗೂ ಮೊಮ್ಮಗಳ ಜೊತೆ ಅಲ್ಲೇ ನಿಂತಿದ್ದರು.