ಹನ್ನೆರಡು ಪುಟಗಳಲ್ಲಿ ಕಾಣದೆ ಹೋದ ಸಜ್ಜೆಯ ತೆನೆ

ಮಾನ್ಯರೇ,

ಯಲಬುರ್ಗಾ ತಾಲೂಕಿನಿಂದ ತಾವು ಕಳುಹಿಸಿದ ‘ಸಸ್ಯಲೋಕದ ಪರಿಚಯ’ ಎಂಬ ಹನ್ನೆರಡು ಪುಟಗಳ ಲೇಖನವನ್ನು ಎರಡು ಬಾರಿ ಓದಿದೆ. ಸಸ್ಯಗಳ ವರ್ಗೀಕರಣ, ಹುಲ್ಲುಗಾವಲಿನ ಬಗೆಗಳು, ಶಿಲೀಂಧ್ರಗಳಿಂದಾಗುವ ವಿಷಬಾಧೆ ಎಂಬ ಮೂರು ಭಾಗಗಳ ಈ ಬರಹವನ್ನು ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ತಮ್ಮ ಭಾಷೆಯ ಬಗ್ಗೆ ನನ್ನ ತಕರಾರಿಲ್ಲ. ಮೂರು ಭಾಗಗಳು ಪರೀಕ್ಷೆಯ ಹಿಂದಿನ ರಾತ್ರಿ ಬರೆದುಕೊಂಡ ಟಿಪ್ಪಣಿಗಳಂತೆ ಒಂದಕ್ಕೊಂದು ಬೆನ್ನು ಹಾಕಿ ನಿಂತಿವೆ.

ಮೊದಲ ಭಾಗದಲ್ಲಿ ಸಸ್ಯಗಳಿಗೆ ಎರಡು ಪದಗಳ ಹೆಸರಿಡುವ ಕ್ರಮ ತಂದ 1753ರ ಲಿನೇಯಸ್‌ನಿಂದ ಹೊರಟು ಹತ್ತೊಂಬತ್ತನೆಯ ಶತಮಾನದ ಬೆಂಥಮ್ ಮತ್ತು ಹುಕರ್ ಅವರ ವರ್ಗೀಕರಣ ಪದ್ಧತಿಗೆ ಬಂದು ನಿಲ್ಲುತ್ತೀರಿ, ಆಮೇಲೆ ಏನೂ ನಡೆದೇ ಇಲ್ಲವೆಂಬಂತೆ. ಶಿಲೀಂಧ್ರಗಳನ್ನು ಸಸ್ಯಗಳ ಪಟ್ಟಿಯಲ್ಲಿ ಇಟ್ಟಿದ್ದೀರಿ. 1969ರಲ್ಲಿ ಜೀವಿಗಳನ್ನು ಐದು ಸಾಮ್ರಾಜ್ಯಗಳಾಗಿ ವಿಂಗಡಿಸಿದ ವಿಜ್ಞಾನಿ ವಿಟೇಕರ್ ಅವುಗಳಿಗೆ ಪ್ರತ್ಯೇಕ ಸಾಮ್ರಾಜ್ಯವನ್ನೇ ಕೊಟ್ಟಾಗಿದೆ. ಕರಿಜಾಲಿ ಮತ್ತು ಬಳ್ಳಾರಿ ಜಾಲಿ ಒಂದೇ ಕುಲದವು ಎಂದದ್ದು ಇನ್ನೊಂದು ತಪ್ಪು. ಎರಡೂ ಅವರೆ, ತೊಗರಿಗಳಿರುವ ದೊಡ್ಡ ಕುಟುಂಬಕ್ಕೆ ಸೇರಿದರೂ ಕುಲಗಳು ಬೇರೆ. ನಮ್ಮ ಊರಿನ ಹೆಸರು ಹೊತ್ತ ಎರಡನೆಯದು ಅಮೆರಿಕ ಖಂಡಗಳಿಂದ ಬಂದದ್ದು. ಕರಿಜಾಲಿಯ ಕಥೆ ಇನ್ನೂ ಸ್ವಾರಸ್ಯಕರವಾಗಿದೆ: 2005ರ ವಿಯೆನ್ನಾ ಸಸ್ಯವಿಜ್ಞಾನ ಸಮ್ಮೇಳನದಲ್ಲಿ ‘ಅಕೇಶಿಯ’ ಎಂಬ ಹೆಸರು ಆಸ್ಟ್ರೇಲಿಯಾದ ಗುಂಪಿಗೆ ಉಳಿದುದರಿಂದ, ಹಿಂದೆ ಅದೇ ಹೆಸರಿನ ನಮ್ಮ ಹೊಲದ ಬದುವಿನ ಮರ ಈಗ ‘ವಾಚೆಲಿಯ’ ಎನಿಸಿಕೊಂಡಿದೆ.

ಹುಲ್ಲುಗಾವಲಿನ ಭಾಗದಲ್ಲಿ ಸ್ಟೆಪ್, ಪ್ರೇರಿ, ಪಂಪಾಸ್ ಎಂಬ ಹೊರದೇಶಗಳ ಹುಲ್ಲುಗಾವಲುಗಳಿಗೆ ನಾಲ್ಕು ಪುಟ ಕೊಟ್ಟು ನಮ್ಮ ಸೀಮೆಗೆ ಎರಡು ಸಾಲು ಕೊಟ್ಟಿದ್ದೀರಿ. ಹುಲ್ಲುಗಾವಲುಗಳನ್ನು ಅಧ್ಯಯನ ಮಾಡಿದ ದಬಡ್‌ಘಾವ್ ಮತ್ತು ಶಂಕರನಾರಾಯಣ್ ಅವರು 1973ರಲ್ಲಿ ಭಾರತದ ಹುಲ್ಲುಹೊದಿಕೆಯನ್ನು ಐದು ಬಗೆಗಳಾಗಿ ವಿಂಗಡಿಸಿದ್ದಾರೆ. ನಮ್ಮದು ಅದರಲ್ಲಿ ಎರಡು ಹುಲ್ಲುಗಳ ಹೆಸರಿನ ಸೆಹಿಮಾ–ಡೈಕ್ಯಾಂಥಿಯಮ್ ಬಗೆಗೆ ಸೇರುತ್ತದೆ. ಅಂದಹಾಗೆ, ಜೇಕು ಹುಲ್ಲಿನ ಕುಟುಂಬದ್ದಲ್ಲ. ಅದರ ದಂಟನ್ನು ಬೆರಳುಗಳ ನಡುವೆ ಹೊರಳಿಸಿದರೆ ಹುಲ್ಲಿನ ಉರುಟು ದಂಟಿನಲ್ಲಿಲ್ಲದ ಮೂರು ಅಂಚುಗಳು ಕೈಗೆ ಸಿಗುತ್ತವೆ.

ನಿಜವಾದ ಆತಂಕ ಮೂರನೆಯ ಭಾಗದ್ದು. “ಅಣಬೆಯನ್ನು ಚೆನ್ನಾಗಿ ಬೇಯಿಸಿದರೆ ವಿಷ ಹೋಗುತ್ತದೆ” ಎಂದು ಬರೆದಿದ್ದೀರಿ. ಈ ಒಂದು ವಾಕ್ಯ ಸಾಕು, ಲೇಖನವನ್ನು ಹಿಂದಿರುಗಿಸಲು. ಅಮಾನಿಟಾ ಕುಲದ ಮಾರಕ ಅಣಬೆಗಳ ಅಮಾಟಾಕ್ಸಿನ್ ಎಂಬ ವಿಷ ಕುದಿಸಿದರೂ ನಾಶವಾಗುವುದಿಲ್ಲ; ತಿಂದವರಿಗೆ ಸಾಮಾನ್ಯವಾಗಿ ಆರು ಗಂಟೆಗಳಿಗೂ ಹೆಚ್ಚು ಕಾಲ ಏನೂ ಅನಿಸದೆ, ಆಮೇಲೆ ವಾಂತಿ ಭೇದಿ ಶುರುವಾಗಿ, ಅದು ನಿಂತಿತೆಂದು ಸಮಾಧಾನಪಡುವ ಹೊತ್ತಿಗೆ ಯಕೃತ್ತು ಕೆಡುತ್ತಿರುತ್ತದೆ. ಶೇಂಗಾದ ಬೂಷ್ಟಿನಿಂದ ಬರುವ ಅಫ್ಲಾಟಾಕ್ಸಿನ್ ಎಂಬ ವಿಷ ಕೂಡ ಹುರಿದ ಮಾತ್ರಕ್ಕೆ ಪೂರ್ತಿ ಹೋಗುವಂಥದ್ದಲ್ಲ.

ಧಾನ್ಯದ ತೆನೆಗೆ ಹತ್ತುವ ಎರ್ಗಾಟ್ ಎಂಬ ಶಿಲೀಂಧ್ರ ರೋಗದ ಬಗ್ಗೆ ಬರೆಯುತ್ತಾ ಮಧ್ಯಯುಗದ ಯುರೋಪಿನಲ್ಲಿ ಜನರ ಕೈಕಾಲು ಬೆರಳುಗಳು ಕಪ್ಪಾಗಿ ಕೊಳೆತ ಸಂಗತಿಯನ್ನು ಹೇಳಿ, ನಮ್ಮ ಸಜ್ಜೆಯಿಂದಲೂ ಹಾಗೆಯೇ ಆಗುತ್ತದೆ ಎಂದು ಮುಗಿಸಿದ್ದೀರಿ. ಅಲ್ಲಿ ರೈ ಧಾನ್ಯಕ್ಕೆ ಹತ್ತಿದ್ದು ಕ್ಲಾವಿಸೆಪ್ಸ್ ಪರ್‌ಪ್ಯೂರಿಯ; ಸಜ್ಜೆಗೆ ಹತ್ತುವುದು ಕ್ಲಾವಿಸೆಪ್ಸ್ ಫ್ಯೂಸಿಫಾರ್ಮಿಸ್. ಎರಡರ ವಿಷಗಳು ಬೇರೆ, ಬಾಧೆಯೂ ಬೇರೆ. ಸಜ್ಜೆಯದ್ದು ವಾಕರಿಕೆ, ವಾಂತಿ, ತಲೆಸುತ್ತು, ವಿಪರೀತ ನಿದ್ದೆ ತರುತ್ತದೆ. ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಇಳಿಯುತ್ತದೆ.

ಇಷ್ಟು ಹತ್ತಿರ ಬಂದು ತಾವು ಲೇಖನವನ್ನೇ ಕೈಬಿಟ್ಟಿದ್ದೀರಿ ಎಂಬುದು ನನ್ನ ಬೇಸರ. ಸಜ್ಜೆಯೂ ಒಂದು ಹುಲ್ಲು. ಅದರ ತೆನೆಯಲ್ಲಿ ಹೂವಿನ ಹೆಣ್ಣು ಭಾಗದ ಎಳೆಗಳಾದ ಶಲಾಕೆಗಳು ಮೊದಲು ಹೊರಬಂದು ಪರಾಗ ಆಮೇಲೆ ಬರುವುದರಿಂದ, ಆ ಬಿಡುವಿನಲ್ಲಿ ಮೋಡ ಮುಸುಕಿ ತೇವ ಹಿಡಿದರೆ ಶಿಲೀಂಧ್ರ ಶಲಾಕೆಯ ಮೂಲಕ ಅಂಡಾಶಯವನ್ನು ಹೊಕ್ಕು, ಕಾಳಾಗಬೇಕಾದ ಜಾಗದಲ್ಲಿ ಜೇನಿನಂಥ ಅಂಟುಹನಿಯನ್ನು, ಬಳಿಕ ಕಪ್ಪು ಗಂಟನ್ನು ಬೆಳೆಸುತ್ತದೆ. ವರ್ಗೀಕರಣ, ಹುಲ್ಲು, ವಿಷ ಮೂರೂ ಒಂದೇ ತೆನೆಯಲ್ಲಿ ಸೇರಿರುವಾಗ ಪಂಪಾಸ್‌ವರೆಗೆ ಹೋಗುವ ಅಗತ್ಯವೇನಿತ್ತು?

ಉಳಿದೆಲ್ಲವನ್ನೂ ತೆಗೆದುಹಾಕಿ, ಸಜ್ಜೆಯ ಎರ್ಗಾಟ್ ಕುರಿತು ನಾಲ್ಕು ಪುಟ ಬರೆಯಿರಿ. ಬರೆಯುವ ಮುನ್ನ ಮುಂಗಾರಿನ ಸಜ್ಜೆ ಹೂವಾಡುವಾಗ ಮಸಾರಿ ಹೊಲಕ್ಕೆ ಹೋಗಿ ತೆನೆಗಳನ್ನು ಮುಟ್ಟಿ ನೋಡಿ. ಬಿತ್ತನೆಯ ಬೀಜವನ್ನು ಗಟ್ಟಿ ಉಪ್ಪುನೀರಿಗೆ ಸುರಿದಾಗ ತೇಲುವ ಗಂಟುಗಳನ್ನು ರೈತರು ಹೇಗೆ ತೆಗೆಯುತ್ತಾರೆ, ಬೀಜವನ್ನು ಸಿಹಿನೀರಿನಲ್ಲಿ ಎಷ್ಟು ಸಲ ತೊಳೆಯುತ್ತಾರೆ, ಮೊರದಲ್ಲಿ ಕೇರುವ ಹೆಣ್ಣುಮಕ್ಕಳು ಕಪ್ಪು ಕಾಳನ್ನು ಯಾವ ಹೆಸರಿನಿಂದ ಕರೆಯುತ್ತಾರೆ ಎಂಬುದನ್ನು ಅವರಿಂದಲೇ ಕೇಳಿ ಬರೆದುಕೊಳ್ಳಿ. ಆ ಹೆಸರು ಲೇಖನದ ಮೊದಲ ಸಾಲಿನಲ್ಲಿರಲಿ.

ತಮ್ಮ ವಿಶ್ವಾಸಿ,
ಸಂಪಾದಕ, ಬಳ್ಳಾರಿ